ಬೆರಳು ಕೆಳಗೆ ಹೋದರೆ ಓದಿದಂತಲ್ಲ

ಮಾನ್ಯ ಸಂಪಾದಕರೇ,

ಪ್ರವೇಶದ ಕೊನೇ ದಿನ ತಪ್ಪಿಸಿಕೊಂಡ ವಿದ್ಯಾರ್ಥಿಗಳ ಬಗ್ಗೆ ನಿನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿ ಓದಿ ಮೈ ಉರಿಯಿತು. ಆ ಕಾಲೇಜಿನವರು ಕೊಟ್ಟ ಉತ್ತರ ನೋಡಿ. ಪ್ರಕಟಣೆ ವೆಬ್‌ಸೈಟಿನಲ್ಲಿಯೇ ಇತ್ತಂತೆ. ಬಹಳ ಜನ ಪುಟದ ಕೊನೆತನಕ ಹೋಗಿ ನೋಡಿದ್ದಾರಂತೆ. ಅದಕ್ಕೆ ಅವರ ಹತ್ತಿರ ಲೆಕ್ಕವೂ ಇದೆಯಂತೆ. ಅಂದರೆ ಎಲ್ಲರೂ ಓದಿದ್ದಾರೆ, ತಪ್ಪು ಓದಿದವರದ್ದೇ ಅಂತೆ. ಹಾಗೆ ಕೊನೆತನಕ ಹೋದವರಲ್ಲಿ ನಾನೂ ಒಬ್ಬ, ನನ್ನ ಮಗಳೂ ಒಬ್ಬಳು. ನಮಗೆ ದಿನಾಂಕ ಸಿಗಲಿಲ್ಲ.

ಬೇಕಾದದ್ದು ಮೇಲೆ ಎಲ್ಲೂ ಇರಲಿಲ್ಲ, ಅದಕ್ಕೇ ಕೊನೆತನಕ ಹೋದೆವು. ಪುಟ ತೆರೆದರೆ ಮೊದಲು ಗಣ್ಯರ ದೊಡ್ಡ ದೊಡ್ಡ ಫೋಟೊ. ಆಮೇಲೆ ಅಧ್ಯಕ್ಷರ ಸಂದೇಶ, ಪ್ರಾಂಶುಪಾಲರ ಸಂದೇಶ, ಹೋದ ವರ್ಷದ ವಾರ್ಷಿಕೋತ್ಸವ. ನಡುವೆ ಕೆಂಪು ಅಕ್ಷರದ ಸಾಲೊಂದು ಓಡುತ್ತಾ ಇರುತ್ತದೆ, ಒತ್ತಬೇಕೆನ್ನುವಷ್ಟರಲ್ಲಿ ಮರೆಯಾಗುತ್ತದೆ. ಇದೆಲ್ಲ ದಾಟಿ ತಳಕ್ಕೆ ಬಂದರೆ ಒಂದು ಪಿಡಿಎಫ್. ಅದನ್ನು ಅಡ್ಡಡ್ಡ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಮೊಬೈಲ್ ತಿರುಗಿಸಿದರೆ ಅದೂ ತಿರುಗುತ್ತದೆ. ದಿನಾಂಕ ಬರೆದ ಜಾಗದ ಮೇಲೇ ಸೀಲು ಬಿದ್ದಿದೆ. ಅಷ್ಟರಲ್ಲಿ ಆ ದಿನದ ಡೇಟಾ ಮುಗಿಯಿತು, ಕರೆಂಟೂ ಹೋಯಿತು. ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆ, ರಾಯಚೂರಿನ ಬಿಸಿಲಿನಲ್ಲಿ ನಮ್ಮ ಮನೆಯ ಫ್ಯಾನ್ ತಿರುಗುವುದಿಲ್ಲ. ಅದಕ್ಕೆ ಇನ್ನೊಂದು ಪತ್ರವೇ ಬೇಕು.

ನನ್ನ ತಂಗಿಯ ಮಗ ವೆಬ್‌ಸೈಟ್ ಕೆಲಸವನ್ನೇ ಮಾಡುತ್ತಾನೆ. ಈ ಲೆಕ್ಕ ಎಂಥದ್ದು ಅಂತ ಅವನನ್ನು ಕೇಳಿದೆ. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಅಂತ ಒಂದು ಉಚಿತ ಸೌಲಭ್ಯ ಇದೆ. ಪುಟದ ಉದ್ದದಲ್ಲಿ ಶೇ 90ರಷ್ಟು ಕೆಳಗೆ ಬಂದರೆ ಅದು 'ಸ್ಕ್ರಾಲ್' ಅಂತ ಒಂದು ಸಲ ಬರೆದುಕೊಳ್ಳುತ್ತದೆ. ನಡುವೆ ಶೇ 25, 50, 75 ಅಂತ ಗುರುತು ಬೇಕಿದ್ದರೆ ಗೂಗಲ್‌ನದೇ ಇನ್ನೊಂದು ಸೌಲಭ್ಯವಾದ ಟ್ಯಾಗ್ ಮ್ಯಾನೇಜರ್‌ನಲ್ಲಿ ನಾವೇ ಹಾಕಿಕೊಳ್ಳಬೇಕು. ಅಷ್ಟೇ. ಓದುತ್ತಾ ಬಂದರೋ, ಸಿಗದೆ ಬೇಸತ್ತು ಬರೀ ಬೆರಳು ಎಳೆದರೋ ಅದಕ್ಕೆ ತಿಳಿಯುವುದಿಲ್ಲ. ಪಿಡಿಎಫ್ ತೆರೆದ ಮೇಲೆ ಅದರೊಳಗೆ ಏನು ನೋಡಿದರು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ದಿನಾಂಕ ಇದ್ದದ್ದು ಪಿಡಿಎಫ್ ಒಳಗೆ! ಹಾಗಿದ್ದ ಮೇಲೆ ಯಾರು ಏನು ಓದಿದರು ಅಂತ ಇವರಿಗೆ ಹೇಗೆ ಗೊತ್ತಾಯಿತು? ತೀನ್ ಕಂದೀಲ್ ಬಜಾರಿನಲ್ಲಿ ಬೇಕಾದ ಅಂಗಡಿ ಸಿಗದೆ ತುದಿತನಕ ನಡೆದವನನ್ನು ಎಲ್ಲ ಅಂಗಡಿಗಳ ಗಿರಾಕಿ ಅಂತ ಬರೆದುಕೊಂಡ ಹಾಗಾಯಿತು.

ಎಣಿಸಬಾರದು ಅಂತ ನಾನು ಹೇಳುವುದಿಲ್ಲ. ಅರ್ಧಕ್ಕೇ ಎಷ್ಟು ಜನ ಬಿಟ್ಟು ಹೋದರು, ಅರ್ಜಿಯ ಲಿಂಕ್ ಎಷ್ಟು ಜನ ಒತ್ತಿದರು ಅಂತ ನೋಡಿ, ಮುಖ್ಯವಾದದ್ದನ್ನು ಮೇಲೆ ತರುವುದಕ್ಕೆ ಆ ಲೆಕ್ಕ ಇರುವುದು. ಮಕ್ಕಳ ಬಾಯಿ ಮುಚ್ಚಿಸುವುದಕ್ಕಲ್ಲ.

ನಮ್ಮ ಕಡೆ ಕಚೇರಿಗಳು ಮೊದಲಿನಿಂದಲೂ ಹೀಗೇ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಈ ಭಾಗದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ನಮ್ಮ ಮಕ್ಕಳಿಗೆ ಅಂತ ಹೇಳುತ್ತಾರೆ. ಅದರ ಸರ್ಟಿಫಿಕೇಟ್ ಕೇಳಲು ಹೋದರೆ ಸರ್ವರ್ ಇಲ್ಲ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬರ್ರಿ. ಮಾನ್ವಿ, ದೇವದುರ್ಗದ ಹಳ್ಳಿಗಳಿಂದ ಕೂಲಿ ಬಿಟ್ಟು, ಬಸ್ಸಿಗೆ ಕಾದು ಬಂದವರಿಗೂ ಇದೇ ಮಾತು. ನೋಟಿಸ್ ಬೋರ್ಡಿನ ಗಾಜಿಗೆ ಬೀಗ. ಒಳಗೆ ಹಳೇ ಟೆಂಡರ್ ಕಾಗದ. ಫೋನ್ ಮಾಡಿದರೆ ಎತ್ತುವುದಿಲ್ಲ. ಎದುರಿಗೆ ನಿಂತು ಕೇಳಿದರೆ ತಲೆ ಎತ್ತದೆ 'ವೆಬ್‌ಸೈಟ್ ನೋಡ್ರಿ' ಅನ್ನುತ್ತಾರೆ. ಅವರ ಮಾತು ಕೇಳಿ ವೆಬ್‌ಸೈಟ್ ನೋಡಿದ್ದಕ್ಕೇ ಈಗ 'ಓದಿದ್ದೀರಿ, ತಪ್ಪು ನಿಮ್ಮದೇ' ಅನ್ನುವ ಉತ್ತರ ಸಿಕ್ಕಿದೆ.

ಕೊನೇ ದಿನಾಂಕವನ್ನು ಪುಟದ ತಲೆಯಲ್ಲೇ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಲಿ. ಅದಾಗದಿದ್ದರೆ ಎಣಿಕೆಯ ಮಾತನ್ನಾದರೂ ನಿಲ್ಲಿಸಲಿ. ಅವಕಾಶ ತಪ್ಪಿದ ಮಕ್ಕಳ ಅರ್ಜಿ ತೆಗೆದುಕೊಳ್ಳಲಿ. ಸಂಬಂಧಪಟ್ಟವರು ಯಾರೇ ಇರಲಿ, ಕೂಡಲೇ ಏನಾದರೂ ಮಾಡಬೇಕು. ಅಧಿಕಾರಿಗಳು ತಮ್ಮ ಮೊಬೈಲಿನಲ್ಲಿ ಆ ಪುಟವನ್ನು ತೆರೆದು ದಿನಾಂಕ ಹುಡುಕಿ ತೋರಿಸಲಿ. ಒಂದು ವರ್ಷ ಹಾಳಾಗುತ್ತಿರುವುದು ನಮ್ಮ ಮಕ್ಕಳದ್ದು, ಅವರ ಮಕ್ಕಳದ್ದಲ್ಲ. ಸಂಬಳ ತಗೊಂಡು ಇಂಥ ಉತ್ತರ ಕೊಡುವವರಿಗೆ ನಾಚಿಕೆಯಾಗಬೇಕು.

– ಒಬ್ಬ ಪಾಲಕ, ರಾಯಚೂರು