ಕಂಬಳದ ಓಟವನ್ನು ಇಡಿಯಾಗಿ ತೋರಿಸುವ ವಿಡಿಯೊಗಳು ಬರಲಿ

ಮಾನ್ಯ ಸಂಪಾದಕರೇ,

ಕಂಬಳದ ಋತು ಆರಂಭವಾಯಿತೆಂದರೆ ಕರಾವಳಿಯವರ ಮೊಬೈಲುಗಳಲ್ಲಿ ಕೋಣಗಳ ಓಟದ ವಿಡಿಯೊಗಳು ಹರಿದಾಡತೊಡಗುತ್ತವೆ. ನಮ್ಮ ಯುವಕರ ಕೈಗೆ ಈಗ ಒಳ್ಳೆಯ ಕ್ಯಾಮೆರಾ, ಚಿತ್ರ ಅಲುಗದಂತೆ ಹಿಡಿಯುವ ಗಿಂಬಲ್, ಡ್ರೋನ್ ಎಲ್ಲವೂ ಬಂದಿವೆ. ರಾತ್ರಿಯಿಡೀ ಕೆಸರಿನ ಬದಿಯಲ್ಲಿ ನಿಂತು ಚಿತ್ರೀಕರಿಸುವ ಉತ್ಸಾಹಕ್ಕೂ ಕೊರತೆಯಿಲ್ಲ. ಆದರೂ ಇವುಗಳಲ್ಲಿ ಹೆಚ್ಚಿನವನ್ನು ನೋಡಿ ಮುಗಿಸಿದಾಗ ಯಾವ ಕರೆಯ (ಕೆಸರಿನ ಓಟದ ಹಾದಿಯ) ಕೋಣಗಳು ಮುಂದಿದ್ದವು, ಅಂತರ ಎಷ್ಟಿತ್ತು ಎಂಬುದೇ ತಿಳಿಯುವುದಿಲ್ಲ. ನಮ್ಮೂರಿನ ಹಿರಿಯರೊಬ್ಬರು, ಕಂಬಳ ನೋಡುತ್ತಲೇ ವಯಸ್ಸಾದವರು, ಇಂಥದ್ದೊಂದು ವಿಡಿಯೊವನ್ನು ನನ್ನ ಮುಂದೆ ಹಿಡಿದು, "ಇದರಲ್ಲಿ ಗೆದ್ದದ್ದು ಯಾರು ಮಾರಾಯಾ?" ಎಂದು ಕೇಳಿದರು. ವಿಡಿಯೊ ಚಿತ್ರೀಕರಣ ಮತ್ತು ಸಂಕಲನವನ್ನೇ ವೃತ್ತಿಯಾಗಿಸಿಕೊಂಡ ನನಗೆ ಆ ಪ್ರಶ್ನೆ ಬಹಳ ನ್ಯಾಯವಾದದ್ದೆನಿಸಿತು. ಆದ್ದರಿಂದ ಈ ಪತ್ರ.

2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ್ದು, ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಅವರ ದಾಖಲೆಯೊಂದಿಗೆ ಹೋಲಿಸಿದ್ದು ಎಲ್ಲರಿಗೂ ನೆನಪಿದೆ. ಆ ಹೋಲಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ವಿಡಿಯೊ ಮಾಡುವವರು ಆ ಅಂಕಿಯಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ: ಇಡೀ ಓಟ 14 ಸೆಕೆಂಡಿಗಿಂತ ಕಡಿಮೆ ಅವಧಿಯದ್ದು. ಅತಿ ಚಿಕ್ಕ ರೀಲ್ಸ್‌ನಲ್ಲಿಯೂ ಅದನ್ನು ಒಂದೇ ಒಂದು ಕಡೆಯೂ ಕತ್ತರಿಸದೆ, ಓಟ ಆರಂಭವಾಗುವ ಗಂತಿನಿಂದ ಅದು ಮುಗಿಯುವ ಮಂಜೊಟ್ಟಿಯವರೆಗೆ ತೋರಿಸಬಹುದು. ಇಷ್ಟು ಚಿಕ್ಕ ಓಟವನ್ನು ಇಪ್ಪತ್ತು ತುಂಡು ಮಾಡಿ, ನಡುನಡುವೆ ಜನರ ಮುಖ, ಡ್ರೋನ್ ದೃಶ್ಯ, ಅಕ್ಷರಗಳನ್ನು ತುಂಬಿದರೆ ವೇಗ ಹೆಚ್ಚಿದಂತೆ ಕಾಣುವುದು ಸಂಕಲನದ್ದೇ ಹೊರತು ಕೋಣಗಳದ್ದಲ್ಲ. ಓಟಗಾರನ ಸಾಮರ್ಥ್ಯ ಎದ್ದು ಕಾಣಬೇಕಾದರೆ ದೂರವೂ ಸಮಯವೂ ಒಡೆಯದೆ ನೋಡುಗನ ಕಣ್ಣ ಮುಂದೆ ಇರಬೇಕು.

ಅದಕ್ಕೆ ಮೊದಲು ನಿರ್ಧರಿಸಬೇಕಾದದ್ದು ಎಲ್ಲಿ ನಿಲ್ಲಬೇಕೆಂಬುದನ್ನು. ಬಹುತೇಕರು ಮಂಜೊಟ್ಟಿಯ ಕಡೆ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ಎದುರಿನಿಂದ ಬರುವ ಕೋಣಗಳನ್ನು ಹಿಡಿಯುತ್ತಾರೆ. ನೀರು ಸಿಡಿದು ಚಿತ್ರ ಭವ್ಯವಾಗಿಯೇ ಬರುತ್ತದೆ. ಆದರೆ ಟೆಲಿ ಲೆನ್ಸು ಹಿಂದು ಮುಂದಿನ ಅಂತರವನ್ನು ಕುಗ್ಗಿಸಿಬಿಡುವುದರಿಂದ ಕೋಣಗಳು ಬಹಳ ಹೊತ್ತು ಇದ್ದಲ್ಲೇ ಇದ್ದಂತೆ ತೋರಿ, ಕೊನೆಯಲ್ಲಿ ಒಮ್ಮೆಲೇ ಮೈಮೇಲೆ ಬಂದಂತಾಗುತ್ತದೆ; ಎರಡು ಕರೆಗಳ ಜೋಡಿಗಳಲ್ಲಿ ಯಾವುದು ಮುಂದಿದೆ ಎಂಬುದಂತೂ ಗೊತ್ತೇ ಆಗುವುದಿಲ್ಲ. ವೇಗ ಕಾಣುವುದು ಬದಿಯಿಂದ. ಕರೆಯ ಮಧ್ಯಭಾಗದಲ್ಲಿ, ಸ್ವಲ್ಪ ಎತ್ತರದ ಜಾಗದಲ್ಲಿ ಟ್ರೈಪಾಡ್ ಇಟ್ಟು, ಓಟದ ಜೊತೆಜೊತೆಗೆ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಓಟಗಾರ ಸ್ಪಷ್ಟವಾಗಿದ್ದು ಹಿನ್ನೆಲೆಯ ಜನಸಂದಣಿ ಗೆರೆಗೆರೆಯಾಗಿ ಹಿಂದಕ್ಕೆ ಸರಿಯುತ್ತದೆ. ಈ ಪ್ಯಾನಿಂಗ್ ಕೈಗೆ ಹತ್ತಲು ಅಭ್ಯಾಸ ಬೇಕು. ಸ್ಪರ್ಧೆಯ ಓಟಗಳಿಗೆ ಮೊದಲು, ಅಭ್ಯಾಸದ ಓಟಗಳ ಹೊತ್ತಿನಲ್ಲಿ ಇದನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ಶಟರ್ ವೇಗದ, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಅವಧಿಯ ವಿಷಯದಲ್ಲಿ ಆಗುತ್ತಿರುವ ಎಡವಟ್ಟಂತೂ ಬಹಳ ಸಾಮಾನ್ಯ. ಮೇಲೆ ಹೇಳಿದ ಓಟದ ಸರಾಸರಿ ವೇಗ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಸೆಕೆಂಡಿಗೆ 25 ಫ್ರೇಮುಗಳಲ್ಲಿ ಚಿತ್ರೀಕರಿಸುವಾಗ ಶಟರನ್ನು ಅದರ ಇಮ್ಮಡಿಗೆ, ಅಂದರೆ 1/50 ಸೆಕೆಂಡಿಗೆ ಇಟ್ಟರೆ, ನಿಂತ ಕ್ಯಾಮೆರಾದ ಒಂದು ಫ್ರೇಮಿನಲ್ಲಿ ಓಟಗಾರ ಸುಮಾರು 21 ಸೆಂಟಿಮೀಟರ್ ಚಲಿಸಿರುತ್ತಾನೆ. ಆ ಮಸುಕೇ ನಮ್ಮ ಕಣ್ಣಿಗೆ ಓಟವೆಂಬ ಅನುಭವ ಕೊಡುವುದು. ಮಧ್ಯಾಹ್ನದ ಬಿಸಿಲಿನಲ್ಲಿ ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಅದು 1/1000ಕ್ಕೋ ಅದಕ್ಕಿಂತ ಮೇಲಕ್ಕೋ ಹೋಗಿ, ಮಸುಕು ಬರಿಯ ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ಒಂದೊಂದು ಫ್ರೇಮೂ ಫೋಟೊದಂತೆ ಚೊಕ್ಕವಾಗಿದ್ದರೂ ಒಟ್ಟು ಚಲನೆ ತಡೆತಡೆದು ಸಾಗುತ್ತದೆ. ಬೆಳಕನ್ನು ತಗ್ಗಿಸಲು ಲೆನ್ಸಿನ ಮುಂದೆ ಒಂದು ಎನ್‌ಡಿ ಫಿಲ್ಟರ್ ಹಾಕಿದರೆ ಇದು ಪರಿಹಾರವಾಗುತ್ತದೆ. ಹೊಸ ಕ್ಯಾಮೆರಾಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ರಾತ್ರಿಯ ಕಂಬಳದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದ್ದಾದ್ದರಿಂದ ಅನೇಕ ಹೊನಲು ಬೆಳಕಿನ ದೀಪಗಳು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತಿರುತ್ತವೆ. ಕಣ್ಣಿಗೆ ಕಾಣದ ಈ ಏರಿಳಿತ, ಸ್ಲೋ ಮೋಷನ್ ಆಸೆಗೆ ಕ್ಯಾಮೆರಾವನ್ನು 120 ಫ್ರೇಮಿಗೆ ಇಟ್ಟಾಗ ಮಿಣುಕಾಗಿ ಇಡೀ ದೃಶ್ಯವನ್ನು ಕೆಡಿಸುತ್ತದೆ. ಅದರ ಬದಲು 100 ಫ್ರೇಮು ಹಾಗೂ 1/100 ಶಟರ್ ಇಟ್ಟುಕೊಂಡರೆ ಸಾಮಾನ್ಯವಾಗಿ ಮಿಣುಕು ನಿಲ್ಲುತ್ತದೆ, 25 ಫ್ರೇಮಿನಲ್ಲಿ ನಾಲ್ಕು ಪಟ್ಟು ನಿಧಾನವೂ ಸಿಗುತ್ತದೆ.

ಸ್ಲೋ ಮೋಷನ್ ಬೇಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಬರಿಗಣ್ಣಿಗೆ ಸಿಗದ್ದನ್ನು ತೋರಿಸಲು ಅದು ಬೇಕು. ಕನೆಹಲಗೆಯ ಸ್ಪರ್ಧೆಯನ್ನೇ ನೋಡಿ: ಅಲ್ಲಿ ಮುಖ್ಯವಾದದ್ದು ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗಿತೇ ಇಲ್ಲವೇ ಎಂಬುದು. ನಿಶಾನೆಯ ನೇರಕ್ಕೆ ಬದಿಯಲ್ಲಿ ಕ್ಯಾಮೆರಾವನ್ನು ತಗ್ಗಿನಲ್ಲಿಟ್ಟು, ಹಲಗೆ, ಅದರ ಮೇಲೆ ಕಾಲೂರಿ ನಿಂತವನ ಮೊಣಕಾಲಿನ ಬಾಗು, ನೀರಿನ ಕಂಬ, ಮೇಲಿನ ಬಟ್ಟೆ ಇವೆಲ್ಲ ಒಂದೇ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಂಡರೆ, ಆರೂವರೆ ಕೋಲು (ನಮ್ಮ ಕಡೆಯ ಅಳತೆ) ಎತ್ತರದ ನಿಶಾನೆಯನ್ನು ನೀರು ಮುಟ್ಟುವ ಆ ಕ್ಷಣವನ್ನು ನಿಧಾನಗೊಳಿಸಿ ತೋರಿಸುವುದಕ್ಕೆ ಅರ್ಥವಿದೆ. ಯಾರು ಮೊದಲು ಮುಟ್ಟಿದರು ಎಂಬುದೇ ಮುಖ್ಯವಾದ ಹಗ್ಗ ಮತ್ತು ನೇಗಿಲು ವಿಭಾಗದ ಓಟಗಳಲ್ಲಿ ಮಾತ್ರ ಮೊದಲು ನಿಜವಾದ ವೇಗದಲ್ಲಿ ಪೂರ್ತಿ ಓಟ ಬರಲಿ, ನಿಧಾನಗತಿಯ ಮರುದೃಶ್ಯ ಆಮೇಲೆ ಬರಲಿ.

ಧ್ವನಿಯ ಬಗ್ಗೆ ನನಗೆ ಹೆಚ್ಚು ಬೇಸರವಿದೆ. ಕೆಸರಿನಲ್ಲಿ ಗೊರಸು ಬೀಳುವ ಸದ್ದು, ಓಡಿಸುವವನ ಕೂಗು, ವೀಕ್ಷಕ ವಿವರಣೆಗಾರರ ಏರುದನಿಯ ತುಳು, ಕೋಣಗಳು ಹತ್ತಿರ ಬಂದಂತೆ ಜನರಲ್ಲಿ ಎದ್ದು ಬರುವ ಬೊಬ್ಬೆ ಇವುಗಳನ್ನೆಲ್ಲ ಅಳಿಸಿ ಯಾವುದೋ ಸಿನಿಮಾ ಸಂಗೀತ ಹಾಕುವುದರಿಂದ ಯಾವ ಊರಿನ ಕಂಬಳವೂ ಒಂದೇ ಆಗಿಬಿಡುತ್ತದೆ. ಧ್ವನಿವರ್ಧಕದಿಂದ ದೂರದಲ್ಲಿ, ಕರೆಯ ಬದಿಗೆ ಒಂದು ಚಿಕ್ಕ ರೆಕಾರ್ಡರನ್ನೋ ಹಳೆಯ ಮೊಬೈಲನ್ನೋ ಇಟ್ಟು, ಗಾಳಿಯ ಸದ್ದು ಬಾರದಂತೆ ಮೈಕಿಗೆ ಸ್ಪಂಜಿನ ಹೊದಿಕೆ ಹಾಕಿದರೆ ಸಾಕು. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಚಿತ್ರಕ್ಕೂ ಸದ್ದಿಗೂ ತಾಳೆ ಹಾಕುವುದು ಸುಲಭ.

ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇದ್ದಾಗ ಎರಡನ್ನೂ ಕರೆಯ ಒಂದೇ ಬದಿಯಲ್ಲಿಡಬೇಕು. ಆಚೆ ಈಚೆ ಇಟ್ಟರೆ ಒಂದು ದೃಶ್ಯದಲ್ಲಿ ಎಡದಿಂದ ಬಲಕ್ಕೆ ಓಡಿದ ಕೋಣಗಳು ಮುಂದಿನ ದೃಶ್ಯದಲ್ಲಿ ಹಿಂದಿರುಗಿ ಓಡಿದಂತೆ ಕಾಣುತ್ತವೆ. ಬದಿ ಬದಲಿಸುವುದು ಅನಿವಾರ್ಯವಾದರೆ ನಡುವೆ ಎದುರಿನಿಂದ ತೆಗೆದ ದೃಶ್ಯವೊಂದನ್ನು ಸೇರಿಸಬೇಕು. ಓಟ ಇಷ್ಟು ಚಿಕ್ಕದಾದ್ದರಿಂದ ವಿಡಿಯೊದಲ್ಲಿ ಉಳಿಯುವ ಸಮಯವನ್ನು ಓಟದ ಹಿಂದು ಮುಂದಿಗೆ ಕೊಡಬಹುದು: ಗಂತಿನಲ್ಲಿ ಕೋಣಗಳನ್ನು ಸಮನಾಗಿ ನಿಲ್ಲಿಸಲು ಪಡುವ ಪಾಡು, ಮಂಜೊಟ್ಟಿಯಲ್ಲಿ ಅವನ್ನು ಹಿಡಿಯುವವರ ಚುರುಕು, ಏದುಸಿರು ಬಿಡುತ್ತ ಲೇಸರ್ ಯಂತ್ರ ತಿಳಿಸುವ ಫಲಿತಾಂಶಕ್ಕೆ ಕಾಯುವ ಓಟಗಾರನ ಮುಖ.

ಸಸಿಹಿತ್ಲುವಿನ ಕಡಲಲ್ಲಿ ಸರ್ಫಿಂಗ್ ಚಿತ್ರೀಕರಿಸುವವರಿಗೂ ಈ ಮಾತು ಸಲ್ಲುತ್ತದೆ. ಸರ್ಫಿಂಗಿನಲ್ಲಿ ತೀರ್ಪುಗಾರರು ಅಂಕ ಕೊಡುವುದು ಅಲೆಯೊಂದರ ಮೇಲಿನ ಪೂರ್ತಿ ಸವಾರಿಗೆ. ಸವಾರರು ಹಲಗೆಯ ಮೇಲೆ ಎದ್ದು ನಿಲ್ಲುವ ಮೊದಲೇ ರೆಕಾರ್ಡಿಂಗ್ ಶುರುಮಾಡಿ, ಅವರು ಅಲೆ ಬಿಟ್ಟು ಹೊರಬರುವವರೆಗೆ ಕ್ಯಾಮೆರಾವನ್ನು ಅವರಿಂದ ಆಚೆ ಸರಿಸದಿದ್ದರೆ ಆ ಕೌಶಲ ದಕ್ಕುತ್ತದೆ. ಕ್ಷಿತಿಜದ ಗೆರೆ ಓರೆಯಾಗದಿರಲಿ.

ಕಂಬಳ ಸಮಿತಿಗಳಲ್ಲಿ ನನ್ನ ವಿನಂತಿಯಿಷ್ಟೆ. ಕರೆಯ ಒಂದು ಬದಿಯಲ್ಲಿ, ಮಧ್ಯಭಾಗಕ್ಕೆ, ಚಿತ್ರೀಕರಣ ಮಾಡುವವರಿಗಾಗಿ ಬೇಲಿ ಹಾಕಿದ ಎತ್ತರದ ಅಟ್ಟಣೆಯೊಂದನ್ನು ಕಟ್ಟಿಸಿಕೊಡಬೇಕು. ಆಗ ಮಂಜೊಟ್ಟಿಯಲ್ಲಿ ಕೋಣಗಳ ದಾರಿಗೆ ಅಡ್ಡ ನಿಂತು ಅಪಾಯ ತಂದುಕೊಳ್ಳುವವರೂ ಕಡಿಮೆಯಾಗುತ್ತಾರೆ. ಕೋಣಗಳ ತಲೆಯ ಮೇಲೆಯೇ ಡ್ರೋನ್ ಹಾರಿಸುವುದನ್ನು ನಿಲ್ಲಿಸಬೇಕು. ಹಾಗೆಯೇ ಯುವಜನರಿಗೆ ಬಂಡೆ ಏರುವುದನ್ನೂ ಜಲಕ್ರೀಡೆಗಳನ್ನೂ ಕಲಿಸುತ್ತಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ತನ್ನ ಶಿಬಿರಗಳಲ್ಲಿ ಸಾಹಸ ಕ್ರೀಡೆಗಳ ಚಿತ್ರೀಕರಣಕ್ಕೂ ಸಂಕಲನಕ್ಕೂ ಒಂದೆರಡು ದಿನಗಳನ್ನು ಮೀಸಲಿಡಬೇಕು. ಅಂಥ ಶಿಬಿರ ಕರಾವಳಿಯಲ್ಲಿ ನಡೆಯುವುದಾದರೆ ಸಂಭಾವನೆಯಿಲ್ಲದೆ ಬಂದು ಕಲಿಸಲು ನಾನು ಸಿದ್ಧನಿದ್ದೇನೆ. ವೃತ್ತಿಬಾಂಧವರಲ್ಲಿ ಇನ್ನೂ ಕೆಲವರು ಜೊತೆಗೂಡುವರೆಂಬ ಭರವಸೆ ನನಗಿದೆ.

ಇಂತು,
ಒಬ್ಬ ವಿಡಿಯೊ ಸಂಕಲನಕಾರ,
ಮೂಲ್ಕಿ