ವ್ರೊನ್‌ಗೋಖ್ ಗಣಿ ನಕ್ಷೆಗಳ ಕೋಣೆ ಸೋರುತ್ತಿದೆ: ದೇಣಿಗೆಗಾಗಿ ಮನವಿ

ಮಾನ್ಯ ದಾನಿಗಳೇ,

ಕಳೆದ ಚಳಿಗಾಲದ ಮಳೆಗೆ ನಕ್ಷೆ ಕೋಣೆಯ ಉತ್ತರ ಮಗ್ಗುಲಿನ ಚಾವಣಿ ಸೋರಿ ಎರಡು ಕಪಾಟುಗಳಿಗೆ ನೀರಿಳಿದಿದೆ. ಈಗ ಮೇಲೆ ಟಾರ್ಪಾಲು ಹೊದಿಸಿದ್ದೇವೆ. ಚಾವಣಿಯ ಒಳಗೆ ಬಾವಲಿಗಳಿವೆ. ಅವು ಮರಿ ಸಾಕುವ ಕಾಲ ಮುಗಿಯದೆ ಚಾವಣಿಗೆ ಹೊದಿಸಿದ ಸ್ಲೇಟು ಕಲ್ಲು ಬಿಚ್ಚುವಂತಿಲ್ಲ, ನವೆಂಬರ್ ಬಂದರೆ ಹಿಮ. ಸಿಗುವುದು ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳು.

ಮಧ್ಯ ವೇಲ್ಸ್‌ನ ಈ ಸೀಸ–ಸತು ಗಣಿಯ ಚರಿತ್ರೆ ನಿಮಗೆ ಹೊಸದಲ್ಲ. 1834ರಲ್ಲಿ ಲಿಸ್‌ಬರ್ನ್ ಜಮೀನ್ದಾರರಿಂದ ಗುತ್ತಿಗೆ ಹಿಡಿದು ಇದನ್ನು ದೊಡ್ಡದು ಮಾಡಿದವರು ಜಾನ್ ಟೇಲರ್ ಮತ್ತು ಪಾಲುದಾರರು. ಆ ಮನೆತನದ ಕಂಪನಿಯೇ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡಿತು. ಕೆಜಿಎಫ್ ಮೂಲದವರನ್ನೂ ಕೇಳುತ್ತಿರುವುದು ಈ ಸಲುಗೆಯಿಂದ. ವ್ರೊನ್‌ಗೋಖ್‌ಗೆ ಕೊನೆಯಲ್ಲಿ ಬಂದ ಬೆಲ್ಜಿಯಂ ಕಂಪನಿ ಜಲವಿದ್ಯುತ್ತಿನಿಂದ ಅದಿರು ಸಂಸ್ಕರಿಸುವ ಹೊಸ ಕಾರ್ಖಾನೆ ಕಟ್ಟಿಸಿ, ಇಟಲಿಯಿಂದ ಆಳುಗಳನ್ನು ಕರೆಸಿ, ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು.

ನಕ್ಷೆ ಅಂದರೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಮುಚ್ಚುವ ಲೋಹದ ಗಣಿಗಳು ಸರ್ಕಾರಕ್ಕೆ ನಕ್ಷೆ ಕೊಡಬೇಕೆಂಬ ಕಾನೂನು ಬಂದದ್ದೇ 1872ರಲ್ಲಿ. ಅದಕ್ಕೂ ಹಿಂದಿನ ಶಾಫ್ಟು (ಗಣಿಗೆ ಇಳಿಯುವ ಬಾವಿ), ಸುರಂಗಗಳನ್ನು ಹುಡುಕಬೇಕಾದರೆ ಕಂಪನಿಗಳು ಲಿನನ್ ಬಟ್ಟೆಯ ಮೇಲೆ ಬರೆಸಿದ ನಕ್ಷೆಗಳೇ ಗತಿ. ಅವನ್ನು ಇಂದಿನ ಸರ್ವೆಯ ಮೇಲೆ ಹಾಗೇ ಇಟ್ಟರೆ ಕೂರುವುದಿಲ್ಲ. ಆಗಿನ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ ವಾಲುತ್ತಿತ್ತು; ಸರಿಪಡಿಸದಿದ್ದರೆ ನೂರು ಮೀಟರ್ ಆಚೆಯ ಶಾಫ್ಟು ಮೂವತ್ತೈದು ಮೀಟರ್ ಪಕ್ಕಕ್ಕೆ ಹೋಗಿ ಕೂತಿರುತ್ತದೆ. ನಮ್ಮ ಟ್ರಸ್ಟ್ ಒಂದೊಂದು ಹಾಳೆಗೂ ಅದು ತಯಾರಾದ ವರ್ಷದ ವಾಲನ್ನು ಲೆಕ್ಕಹಾಕಿ ಕೂರಿಸಿದೆ. ಸ್ವಯಂಸೇವಕರೇ ಮಾಡಿದ ಕೆಲಸ ಇದು, ಹೇಳಿಕೊಳ್ಳಲು ಸಂಕೋಚವಿಲ್ಲ. ಗಣಿಯಿಂದ ಹರಿದುಬರುವ ಸತು, ಸೀಸ, ಕ್ಯಾಡ್ಮಿಯಂ ಇಸ್ಟ್ವಿತ್ ನದಿಯನ್ನು ಇಂದಿಗೂ ಕೆಡಿಸುತ್ತಿವೆ. ಗಣಿಯ ಬಳಿಯ ಸಣ್ಣ ಹೊಳೆ ಒಳಗೆ ಇಳಿಯದಂತೆ 2011ರಲ್ಲಿ ಅದನ್ನು ತಿರುಗಿಸಿದ್ದಾರೆ. ಒಳಗಿನ ನೀರು ಎಲ್ಲಿ ಹೊಕ್ಕು ಎಲ್ಲಿ ಹೊರಬೀಳುತ್ತದೆ ಎಂದು ತಿಳಿಯುವುದೂ ಇಂಥ ಹಾಳೆಗಳಿಂದಲೇ.

ನೆನೆದ ನಕ್ಷೆಗಳನ್ನು ಹೀಟರ್ ಮುಂದೆ ಒಣಗಿಸುವ ಹಾಗಿಲ್ಲ, ಬಟ್ಟೆ ಕುಗ್ಗಿ ಅಳತೆಯೇ ಕೆಡುತ್ತದೆ. ಹೀರುಕಾಗದದ ನಡುವೆ ಇಟ್ಟು, ಕಾಗದ ಬದಲಿಸುತ್ತಾ, ತಣ್ಣನೆ ಗಾಳಿಯಲ್ಲೇ ಒಣಗಿಸುತ್ತಿದ್ದೇವೆ. ಕೋಣೆಯ ತೇವ ಶೇ. 65 ದಾಟಿದರೆ ಬೂಸ್ಟು ಹಿಡಿಯುತ್ತದೆ.

ಚಾವಣಿಯ ಸ್ಲೇಟು ಇನ್ನೂ ಗಟ್ಟಿ. ಕೈಕೊಟ್ಟದ್ದು ಕಬ್ಬಿಣದ ಮೊಳೆ: ತಲೆ ತುಕ್ಕು ಹಿಡಿದು ಉದುರಿದ ಮೇಲೆ ಸ್ಲೇಟು ಜಾರುತ್ತದೆ. ಹಾಗಾಗಿ ಸ್ಲೇಟು ಇಳಿಸಿ, ಬೆರಳಲ್ಲಿ ತಟ್ಟಿ ನೋಡಿ, ಖಣಖಣ ಎನ್ನುವುದನ್ನು ಇಟ್ಟುಕೊಂಡು, ಮಂದ ಸದ್ದು ಕೊಡುವುದನ್ನು ಬಿಟ್ಟು, ತಾಮ್ರದ ಮೊಳೆಯಿಂದ ಮತ್ತೆ ಹೊದಿಸಬೇಕು. ಹೊಗೆಗೂಡಿನ ಬುಡಕ್ಕೆ ಸೀಸದ ತಗಡು. ಹಿಂದಿನವರು ಒಂದೇ ಉದ್ದ ತುಂಡು ಹಾಕಿದ್ದರಿಂದ ಬಿಸಿಲಿಗೆ ಹಿಗ್ಗಿ ಸೀಳಿದೆ, ಈ ಸಲ ಒಂದೂವರೆ ಮೀಟರ್ ಮೀರದ ತುಂಡುಗಳು. ಸೀಸದ ಗಣಿಯ ಕಾಗದ ಕಾಯಲು ಸೀಸವನ್ನೇ ಕೊಳ್ಳಬೇಕಾಗಿದೆ!

ಒಟ್ಟು ಖರ್ಚು ಹದಿನೆಂಟು ಸಾವಿರ ಪೌಂಡ್ ಆಸುಪಾಸು, ಅದರಲ್ಲಿ ಮೂರನೇ ಒಂದು ಪಾಲು ಸಾರುವೆಗೇ ಹೋಗುತ್ತದೆ. ಅರ್ಧ ಕೂಡಿದೆ. ಉಳಿದದ್ದು ಆಗಸ್ಟ್ ಕೊನೆಯೊಳಗೆ ಬಂದರೆ ಸಾರುವೆಯವರಿಗೆ ದಿನ ಗೊತ್ತುಮಾಡಬಹುದು. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವವರು ದಯವಿಟ್ಟು ಗಿಫ್ಟ್ ಏಡ್ ಚೌಕಕ್ಕೆ ಗುರುತು ಹಾಕಿ. ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ ಇನ್ನೂ 25 ಪೆನ್ಸ್ ಸೇರಿಸುತ್ತದೆ.

ಧರ್ಮದರ್ಶಿಗಳು