ನೋಟ್‌ಬುಕ್ಕಿಗೊಂದು ಕಾಗದದ ಕಿಸೆ

ಸಂಪಾದಕರಿಗೆ ನಮಸ್ಕಾರ.

ಶಾಲೆ ಶುರುವಾಗುವ ಹೊತ್ತಿಗೆ ಮನೆ ಮನೆಗೂ ಒಂದು ಪಟ್ಟಿ ಬರುತ್ತದೆ. ನನ್ನ ತಂಗಿಯ ಮಗಳು ಈ ವರ್ಷ ಐದನೇ ಕ್ಲಾಸು. ಅವಳ ಪಟ್ಟಿಯಲ್ಲಿ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಬಣ್ಣ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಹೀಗೆ ಬರೆದಿತ್ತು: ಪ್ಲಾಸ್ಟಿಕ್ ಫೋಲ್ಡರ್, ಆರು. ಅಂದರೆ ವಿಷಯಕ್ಕೊಂದು. ಟೀಚರ್ ಕೊಡುವ ಜೆರಾಕ್ಸ್ ಹಾಳೆ, ಟೆಸ್ಟ್ ಪೇಪರ್, ಮಗು ಬರೆದ ಚಿತ್ರ, ಇಂಥವನ್ನೆಲ್ಲ ಇಟ್ಟುಕೊಳ್ಳಲು. ನಾನು ಆರನ್ನೂ ಕಾಗದದಲ್ಲೇ ಮಾಡಿ, ಒಂದೊಂದು ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಒಳಗಡೆಯಿಂದ ಅಂಟಿಸಿ ಕೊಟ್ಟೆ. ಹುಡುಗಿ ಬೆಳಿಗ್ಗೆ ಕುಣಿಯುತ್ತಾ ಹೋದಳು, ಸಂಜೆ ಸಪ್ಪೆ ಮುಖ ಮಾಡಿಕೊಂಡು ಬಂದಳು. ಪಟ್ಟಿಯಲ್ಲಿ ಇದ್ದದ್ದನ್ನೇ ತರಬೇಕಂತೆ, ಎಲ್ಲರದ್ದೂ ಒಂದೇ ಥರ ಕಾಣಬೇಕಂತೆ, ಕಾಗದದ್ದಾದರೆ ಬೇಗ ಹರಿದು ಹೋಗುತ್ತದಂತೆ.

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಮಕ್ಕಳ ಹಾಳೆಗಳನ್ನು ಒಬ್ಬರೇ ನೋಡಿಕೊಳ್ಳುವವರಿಗೆ ಎಲ್ಲವೂ ಒಂದೇ ಥರ ಇದ್ದರೆ ಅನುಕೂಲ, ಅದು ನನಗೂ ಅರ್ಥವಾಗುತ್ತದೆ. ಆದರೆ ಕಾಗದದ್ದು ಬಾಳಿಕೆ ಬರಲ್ಲ ಅನ್ನುವ ಮಾತು ಬಂತಲ್ಲ, ಅದನ್ನು ಒಪ್ಪಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಮ್ಮಪ್ಪ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಒಂದು ಪ್ರೆಸ್ಸಿನ ಹಿಂದೆ ಚಿಕ್ಕ ಕೋಣೆ, ಅದರಲ್ಲಿ ರಟ್ಟಿನ ರಾಶಿ, ಮೈದಾ ಅಂಟಿನ ಡಬ್ಬಿ, ನೂಲು, ದಬ್ಬಣ. ಅವರು ತಮಗಾಗಿ ಕಟ್ಟಿಕೊಂಡ ಲೆಕ್ಕದ ಪುಸ್ತಕಗಳಿಗೆಲ್ಲ ಹಿಂದಿನ ರಟ್ಟಿನ ಒಳಗೆ ಒಂದು ಕಿಸೆ ಇರುತ್ತಿತ್ತು. ಫೋಲ್ಡರ್ ಅನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ, ಕಿಸೆ ಅಂತಲೇ ಅನ್ನುತ್ತಿದ್ದರು. ಅದರಲ್ಲಿ ರಸೀದಿ, ಗಿರಾಕಿಗಳು ಬರೆದುಕೊಟ್ಟ ಚೀಟಿ, ಒಮ್ಮೊಮ್ಮೆ ನಮಗೆ ಅಂತ ತಂದ ಸಿನಿಮಾ ಟಿಕೆಟ್ಟು. ಆ ಪುಸ್ತಕಗಳಲ್ಲಿ ಎರಡು ಈಗಲೂ ನನ್ನ ಬೀರುವಿನಲ್ಲಿವೆ. ಅಪ್ಪ ಹೋಗಿ ಹದಿನೆಂಟು ವರ್ಷವಾಯಿತು, ಕಿಸೆಗಳು ಇನ್ನೂ ಬಾಯಿ ಬಿಟ್ಟಿಲ್ಲ. ಅಪ್ಪನನ್ನು ನೋಡಿಯೇ ನಾನೂ ನನ್ನ ದಿನಚರಿ ಪುಸ್ತಕಕ್ಕೆ ಪ್ರತಿ ವರ್ಷ ಒಂದು ಕಿಸೆ ಮಾಡಿಕೊಳ್ಳುತ್ತೇನೆ. ಬಸ್ ಟಿಕೆಟ್ಟು, ತರಕಾರಿ ಬೀಜದ ಖಾಲಿ ಪೊಟ್ಟಣ, ಯಾರೋ ಬರೆದುಕೊಟ್ಟ ಉಪ್ಪಿನಕಾಯಿ ಅಳತೆ, ಎಲ್ಲ ಅದರಲ್ಲಿ. ಬರೆದದ್ದನ್ನು ಓದಿದಾಗ ನೆನಪಾಗದ ದಿನ ಕೂಡ ಆ ಟಿಕೆಟ್ಟು ಕೈಗೆ ಸಿಕ್ಕರೆ ಪೂರ್ತಿ ನೆನಪಾಗುತ್ತದೆ.

ಪ್ಲಾಸ್ಟಿಕ್‌ನಲ್ಲಿ ಇಟ್ಟು ಕೆಟ್ಟ ಅನುಭವವೂ ಇದೆ. ಅಪ್ಪನ ಒಂದು ಹಳೇ ಪತ್ರದ ಜೆರಾಕ್ಸನ್ನು ಚೆನ್ನಾಗಿರಲಿ ಅಂತ ಮೆತ್ತನೆಯ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ ಇಟ್ಟಿದ್ದೆ. ಮೂಲ ಪತ್ರ ಆಮೇಲೆ ಕಳೆದುಹೋಯಿತು. ಕೆಲವು ವರ್ಷ ಬಿಟ್ಟು ತೆಗೆದರೆ ಅರ್ಧ ಅಕ್ಷರ ಕಾಗದದಲ್ಲಿ, ಅರ್ಧ ಅಕ್ಷರ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದೆ. ಜೆರಾಕ್ಸ್ ಪುಡಿ ಅನ್ನುವುದೇ ಒಂದು ಥರದ ಪ್ಲಾಸ್ಟಿಕ್, ಅದನ್ನು ಬಿಸಿ ಮಾಡಿ ಕಾಗದಕ್ಕೆ ಹಿಡಿಸಿರುತ್ತಾರೆ. ಫೋಲ್ಡರ್ ಮೆತ್ತಗೆ ಬಾಗಲಿ ಅಂತ ಬೆರೆಸಿರುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬಂದು ಆ ಪುಡಿಯನ್ನು ಕರಗಿಸಿ ಎಳೆದುಕೊಂಡುಬಿಡುತ್ತದೆ. ಇನ್ನು ಮಲೆನಾಡಿನ ಮಳೆಗಾಲದ ಕಥೆ ಹೇಳಬೇಕಾ? ಒಳಗೆ ಸೇರಿದ ತೇವ ಹೊರಗೆ ಬರಲು ದಾರಿ ಇರುವುದಿಲ್ಲ, ಹಾಳೆ ಬೂಷ್ಟು ಹಿಡಿಯುತ್ತದೆ. ಕಾಗದ ಹಾಗಲ್ಲ, ಅದು ತೇವ ಹೀರಿಕೊಳ್ಳುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ.

2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಎಲ್ಲ ನಿಷೇಧವಾದವು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರಲ್ಲೇ, ಕೈಚೀಲ, ಬ್ಯಾನರ್ ಇವನ್ನೆಲ್ಲ ನಿಷೇಧ ಮಾಡಿದ್ದರು. ಶಾಲೆಯ ಫೋಲ್ಡರ್ 2022ರ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ವಾರ ಯಾವುದಾದರೂ ಬೀದಿಯ ಕಸದ ರಾಶಿ ನೋಡಿ, ಬಣ್ಣಬಣ್ಣದ ಫೋಲ್ಡರ್‌ಗಳು, ಮೂಲೆ ಸೀಳಿದವು, ಗುಂಡಿ ಕಿತ್ತುಹೋದವು, ಎಲ್ಲ ಅಲ್ಲೇ ಬಿದ್ದಿರುತ್ತವೆ.

ಈಗ ಮಾಡುವ ಬಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಹೇಳಲೇಬೇಕು, ಯಾಕೆಂದರೆ ಕಾಗದದ್ದು ಬೇಗ ಹರಿಯುತ್ತದೆ ಅನ್ನುವವರು ನೋಡಿರುವುದು ಅವಸರದಲ್ಲಿ ಮಾಡಿದ್ದನ್ನು.

ಮೊದಲು ಕಾಗದ. ಹೋದ ವರ್ಷದ ಗೋಡೆ ಕ್ಯಾಲೆಂಡರ್ ಎಲ್ಲಕ್ಕಿಂತ ಒಳ್ಳೆಯದು, ದಪ್ಪ ಇದೆ, ಸುಮ್ನೆ ಸಿಗುತ್ತದೆ. ದೇವರ ಚಿತ್ರದ ಹಾಳೆಗೆ ಕತ್ತರಿ ಹಾಕಲು ನನಗೆ ಮನಸ್ಸು ಬರುವುದಿಲ್ಲ, ಅದನ್ನು ತೆಗೆದಿಟ್ಟು ಬರೀ ತಾರೀಖಿನ ಹಾಳೆ ಬಳಸುತ್ತೇನೆ. ಖಾಕಿ ಬಣ್ಣದ ಬ್ರೌನ್ ಪೇಪರ್ ಕೂಡ ಆಗುತ್ತದೆ, ಎರಡು ಪದರ ಅಂಟಿಸಿಕೊಳ್ಳಬೇಕು. ದಿನಪತ್ರಿಕೆ ಮಾತ್ರ ಬೇಡ, ತಪ್ಪು ತಿಳಿಯಬೇಡಿ. ಅದರ ಕಾಗದದಲ್ಲಿ ಮರದ ಅಂಶ ಹಾಗೇ ಉಳಿದಿರುತ್ತದೆ, ಬೆಳಕು ಗಾಳಿ ತಾಗಿದರೆ ಬೇಗ ಹಳದಿಯಾಗುತ್ತದೆ, ಪುಡಿಪುಡಿಯಾಗುತ್ತದೆ. ಜೊತೆಯಲ್ಲಿಟ್ಟ ಫೋಟೋಗೂ ಕಲೆ ಬರಬಹುದು.

ಆದರೆ ಕಾಗದದ ಗುಟ್ಟು ಕಲಿಯಲು ನಿಮ್ಮ ಪತ್ರಿಕೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಓದಿ ಮುಗಿದ ಒಂದು ಹಾಳೆಯನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ಸ್ಕೇಲ್ ಇಟ್ಟ ಹಾಗೆ ನೇರ ಹರಿಯುತ್ತದೆ. ಅದನ್ನೇ ಎಡದಿಂದ ಬಲಕ್ಕೆ ಹರಿಯಿರಿ, ಅಡ್ಡಾದಿಡ್ಡಿ ಹೋಗುತ್ತದೆ. ಕಾಗದಕ್ಕೂ ಬಾಳೆ ಪಟ್ಟೆಯ ಹಾಗೆ ನಾರು ಇದೆ, ಕಾರ್ಖಾನೆಯಲ್ಲಿ ಹಾಳೆ ಓಡಿದ ದಿಕ್ಕಿಗೆ ಆ ನಾರು ಮಲಗಿರುತ್ತದೆ. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ಚೂಪಾಗಿ ಕೂರುತ್ತದೆ, ಅಡ್ಡಕ್ಕೆ ಮಡಚಿದರೆ ದಪ್ಪ ಕಾಗದ ಬಿರಿಯುತ್ತದೆ. ಅಂಟು ಹಚ್ಚಿದಾಗ ಹಾಳೆ ಹಿಗ್ಗುವುದೂ ನಾರಿಗೆ ಅಡ್ಡವಾಗಿಯೇ. ಆದ್ದರಿಂದ ಪುಸ್ತಕದ ಬೆನ್ನು ಯಾವ ಕಡೆಗೆ ಇದೆಯೋ ಕಿಸೆಯ ನಾರೂ ಆ ಕಡೆಗೇ ಇರಬೇಕು, ಇಲ್ಲದಿದ್ದರೆ ರಟ್ಟು ಹಪ್ಪಳದ ಹಾಗೆ ಡೊಂಕಾಗುತ್ತದೆ. ಅಪ್ಪ ಯಾವ ಕಾಗದ ಕೈಗೆ ಬಂದರೂ ಮೊದಲು ಎರಡೂ ಕಡೆಗೆ ಮೆತ್ತಗೆ ಬಾಗಿಸಿ ನೋಡುತ್ತಿದ್ದರು. ಸುಲಭಕ್ಕೆ ಬಾಗಿದಾಗ ಮಡಿಕೆಯ ಗೆರೆ ಯಾವ ಕಡೆಗೆ ಬರುತ್ತದೋ ಅದು ನಾರಿನ ಕಡೆ.

ಅಳತೆ ಹೀಗೆ. 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಕಿಂಗ್ ಸೈಜ್ ನೋಟ್‌ಬುಕ್ಕಿಗೆ ಒಂದು ಎ4 ಅಳತೆಯ ಹಾಳೆ ಸರಿಯಾಗಿ ಸಾಕು, ಅಂದರೆ 29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ. ಹಾಳೆಯನ್ನು ಉದ್ದುದ್ದ ಇಟ್ಟುಕೊಳ್ಳಿ. ಎಡ ಬಲ ಎರಡೂ ಅಂಚಿನಿಂದ 1 ಸೆಂ.ಮೀ.ಗೆ ಒಂದು ಗೆರೆ, 2 ಸೆಂ.ಮೀ.ಗೆ ಇನ್ನೊಂದು ಗೆರೆ. ಕೆಳಗಿನ ಅಂಚಿನಿಂದ 12 ಸೆಂ.ಮೀ. ಮೇಲೆ ಒಂದು ಅಡ್ಡ ಗೆರೆ. ಈ ಅಡ್ಡ ಗೆರೆಯ ಮೇಲಿನ ಭಾಗದಲ್ಲಿ ಎರಡೂ ಪಕ್ಕದ 2 ಸೆಂ.ಮೀ. ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಕೆಳಗಿನ ಭಾಗದಲ್ಲಿ ಅದು ಹಾಗೇ ಇರಲಿ, ಅವೇ ಕಿಸೆಯ ರೆಕ್ಕೆಗಳು. ಗೆರೆಗಳ ಮೇಲೆ ಸ್ಕೇಲ್ ಇಟ್ಟು ಇಂಕು ಮುಗಿದ ಬಾಲ್ ಪೆನ್ನಿನಿಂದ ಗಟ್ಟಿಯಾಗಿ ಒಂದು ಸಲ ಎಳೆಯಿರಿ. ಈ ಒಂದು ಕೆಲಸ ಬಿಟ್ಟರೆ ಮಡಿಕೆ ಸೊಟ್ಟ ಆಗುತ್ತದೆ, ಕ್ಯಾಲೆಂಡರಿನ ನುಣುಪು ಕಾಗದವಂತೂ ಸೀಳುತ್ತದೆ. ರೆಕ್ಕೆಗಳನ್ನು ಒಳಗಿನ ಗೆರೆಯಲ್ಲಿ ಒಳಕ್ಕೆ, ಹೊರಗಿನ ಗೆರೆಯಲ್ಲಿ ಮತ್ತೆ ಹೊರಕ್ಕೆ, ಬೀಸಣಿಗೆಯ ಹಾಗೆ ಮಡಚಬೇಕು. ಆಮೇಲೆ ಕೆಳಗಿನ ಭಾಗವನ್ನು ಮೇಲಕ್ಕೆ ಮಡಚಿ, ರೆಕ್ಕೆಯ ಕೊನೆಯ 1 ಸೆಂ.ಮೀ.ಗೆ ಮಾತ್ರ ಅಂಟು ಹಚ್ಚಿ ಹಿಂಭಾಗಕ್ಕೆ ಕೂರಿಸಿ. ಬೀಸಣಿಗೆ ಮಡಿಕೆ ಇರುವುದರಿಂದ ಹತ್ತು ಹದಿನೈದು ಹಾಳೆ ಹಾಕಿದರೂ ಕಿಸೆ ಉಬ್ಬಿಕೊಂಡು ಜಾಗ ಕೊಡುತ್ತದೆ, ಮೂಲೆ ಹರಿಯುವುದಿಲ್ಲ. ಬಾಯಿಯ ಮಧ್ಯದಲ್ಲಿ ಹತ್ತು ರೂಪಾಯಿ ನಾಣ್ಯ ಅರ್ಧ ಇಟ್ಟು ಗೆರೆ ಹಾಕಿ ಕತ್ತರಿಸಿದರೆ ಹೆಬ್ಬೆರಳು ಹಾಕಿ ಹಾಳೆ ತೆಗೆಯಲು ಸಲೀಸು. ಹಿಂಭಾಗ ಮುಂಭಾಗಕ್ಕಿಂತ ಸುಮಾರು ಆರು ಸೆಂ.ಮೀ. ಎತ್ತರ ಉಳಿಯುತ್ತದೆ, ಅಲ್ಲಿ ಮಗು ವಿಷಯದ ಹೆಸರು ಬರೆದುಕೊಳ್ಳಲಿ.

ಅಂಟಿಗೆ ಅಂಗಡಿಗೆ ಓಡಬೇಕಾಗಿಲ್ಲ. ಎರಡು ಚಮಚ ಮೈದಾ, ಒಂದು ಲೋಟ ತಣ್ಣೀರು, ಗಂಟಿಲ್ಲದ ಹಾಗೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಬೇಕು. ಬಿಳಿ ಬಣ್ಣ ಹೋಗಿ ಗಾಜಿನ ಥರ ಮಿಂಚಲು ಶುರುವಾದರೆ ಆಯಿತು. ಬೈಂಡಿಂಗಿನವರು ಹುಳ ಜಿರಳೆ ಬರದಿರಲಿ ಅಂತ ಇದಕ್ಕೆ ಚೂರು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಕಡೆ ದಯವಿಟ್ಟು ಬೇಡವೇ ಬೇಡ. ಆ ದಿನಕ್ಕೆ ಬೇಕಾದಷ್ಟು ಮಾಡಿಕೊಂಡು ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿ. ಅಂಟು ಜಾಸ್ತಿ ಹಚ್ಚಬೇಡಿ, ನೀರು ಜಾಸ್ತಿಯಾದರೆ ಹಾಳೆ ಸುಕ್ಕಾಗುತ್ತದೆ. ಬೇಕಾದರೆ ಕೆಳಗಿನ ಮಡಿಕೆಗೆ ಒಂದು ತೆಳು ಬಟ್ಟೆಯ ಪಟ್ಟಿ ಅಂಟಿಸಿ. ನಾನು ಇಲ್ಲೇ ಹತ್ತಿರದ ಭೀಮನಕೋಣೆಯ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘದ ಕೈಮಗ್ಗದ ಬಟ್ಟೆಯಲ್ಲಿ ರವಿಕೆ ಹೊಲಿಸಿ ಉಳಿದ ಚೂರುಗಳನ್ನು ಇದಕ್ಕೇ ಎತ್ತಿಡುತ್ತೇನೆ, ಹತ್ತಿ ಬಟ್ಟೆ ಅಂಟನ್ನು ಚೆನ್ನಾಗಿ ಕುಡಿಯುತ್ತದೆ. ಕೊನೆಗೆ ಕಿಸೆಯನ್ನು ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಒಳಗಡೆಯಿಂದ ಅಂಟಿಸಿ, ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಬೇಕು, ಮಳೆಗಾಲವಾದರೆ ಎರಡು ದಿನ. ಅವಸರ ಮಾಡಿ ಅರ್ಧ ಒಣಗಿದ್ದನ್ನು ತೆಗೆದರೆ ಎಲ್ಲ ಕೆಡುತ್ತದೆ, ನಾನು ಚಿಕ್ಕವಳಿದ್ದಾಗ ಅಪ್ಪನ ಕೈಲಿ ಬೈಸಿಕೊಂಡಿದ್ದೆಲ್ಲ ಇದಕ್ಕೇ.

ಇದು ನಮಗೆ ಹೊಸದೂ ಅಲ್ಲ. ಕಚೇರಿಗಳಲ್ಲಿ ಈಗ ಫೈಲಿಗೆ ಕಡತ ಅನ್ನುತ್ತಾರಲ್ಲ, ಆ ಕಡತ ಮೊದಲು ಏನಾಗಿತ್ತು ಅಂತ ಮಕ್ಕಳಿಗೆ ಯಾರಾದರೂ ಹೇಳಿದ್ದಾರಾ? ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಬೀಸಣಿಗೆಯ ಹಾಗೆ ಮಡಚಿ ಮಾಡುತ್ತಿದ್ದ ಕಪ್ಪು ಪುಸ್ತಕ ಅದು. ಬಿಳಿ ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯುತ್ತಿದ್ದರು. ಅಂಗಡಿಯವರ ಲೆಕ್ಕ, ಮಠಗಳ ಲೆಕ್ಕ ಎಲ್ಲ ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸ ಓದುವವರಿಗೆ ಬೇಕಾಗುತ್ತವೆ. ನಮ್ಮ ಕಡೆಯ ಇಷ್ಟು ಮಳೆಯಲ್ಲಿ ಬಟ್ಟೆ, ಹುಣಸೆ ಬೀಜ, ಇದ್ದಿಲು ಅಷ್ಟು ಕಾಲ ಉಳಿದಿವೆ ಅಂದಮೇಲೆ ಒಂದು ಶಾಲೆ ವರ್ಷಕ್ಕೆ ಕಾಗದದ ಕಿಸೆ ಸಾಲದಾ? ಕಾಗದವೂ ನಮಗೆ ಪರಕೀಯವಲ್ಲ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲೇ 1930ರ ದಶಕದಲ್ಲಿ, ಮಹಾರಾಜರ ಕಾಲದಲ್ಲಿ, ಕಾಗದದ ಕಾರ್ಖಾನೆ ಶುರುವಾಗಿತ್ತು. ಅಪ್ಪ ಅದನ್ನು ನಮ್ಮ ಕಾಗದ ಅಂತಲೇ ಹೇಳುತ್ತಿದ್ದರು. ಆ ಕಾರ್ಖಾನೆ ನಿಂತುಹೋದದ್ದನ್ನು ಅವರು ನೋಡಲಿಲ್ಲ.

ಶಾಲೆಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ವರ್ಷದ ಪಟ್ಟಿಯಿಂದ ಪ್ಲಾಸ್ಟಿಕ್ ಅನ್ನುವ ಒಂದು ಪದ ತೆಗೆದುಹಾಕಿ. ಎಲ್ಲರದ್ದೂ ಒಂದೇ ಥರ ಕಾಣಬೇಕು ಅಂದರೆ ಎಲ್ಲರಿಗೂ ಒಂದೇ ಬ್ರೌನ್ ಪೇಪರ್ ತರಲು ಹೇಳಿ, ಮೊದಲ ವಾರ ಪಾಠ ಹೇಗೂ ಪೂರ್ತಿ ಶುರುವಾಗಿರುವುದಿಲ್ಲ, ಆಗ ಕ್ಲಾಸಿನಲ್ಲೇ ಕೂರಿಸಿ ಮಾಡಿಸಿ. ಐದನೇ ಕ್ಲಾಸಿನ ಮಗುವಿಗೆ ಸೆಂಟಿಮೀಟರ್ ಅಂದರೇನು ಅನ್ನುವುದು ಬೋರ್ಡಿನ ಮೇಲಿಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಅರ್ಧ ಸೆಂಟಿಮೀಟರ್ ತಪ್ಪಿದರೆ ಕಿಸೆಯ ಬಾಯಿ ಓರೆಯಾಗುತ್ತದೆ, ಯಾರೂ ಬಂದು ಹೇಳಬೇಕಾಗಿಲ್ಲ. ನನ್ನ ತಂಗಿಯ ಮಗಳು ಆಮೇಲೆ ತಾನೇ ಮಾಡಲು ಕೂತಾಗ ಮೊದಲನೆಯದನ್ನು ಓರೆ ಮಾಡಿದಳು, ಮೂರನೆಯದನ್ನು ನನಗಿಂತ ಚೆನ್ನಾಗಿ ಮಾಡಿದಳು.

ನಿಮ್ಮಲ್ಲೂ ಒಂದು ವಿನಂತಿ ಇದೆ, ಸಂಪಾದಕರೇ. ನಿಮ್ಮ ಪತ್ರಿಕೆಯ ಒಂದು ಪುಟದಲ್ಲಿ ಎ4 ಹಾಳೆ ಅದರ ನಿಜವಾದ ಅಳತೆಯಲ್ಲೇ ಹಿಡಿಸುತ್ತದೆ. ಮೇ ಕೊನೆಯ ವಾರದಲ್ಲಿ ಒಂದು ದಿನ, ಮೇಲೆ ಹೇಳಿದ ಗೆರೆಗಳನ್ನು ಕುಗ್ಗಿಸದೆ ಹಿಗ್ಗಿಸದೆ ಹಾಗೇ ಅಚ್ಚು ಮಾಡಿ. ಮಡಚುವ ಗೆರೆ ಚುಕ್ಕಿಯಲ್ಲಿ, ಕತ್ತರಿಸುವ ಗೆರೆ ಪೂರ್ತಿ. ಮನೆಯಲ್ಲಿ ಸ್ಕೇಲ್ ಇಲ್ಲದ ಮಗು ಕೂಡ ಆ ಪುಟವನ್ನು ಹಳೇ ಕ್ಯಾಲೆಂಡರಿನ ಮೇಲಿಟ್ಟು, ಒಂದು ಪುಸ್ತಕದ ಅಂಚನ್ನು ಆಧಾರವಾಗಿ ಹಿಡಿದು, ಇಂಕು ಮುಗಿದ ಪೆನ್ನಿನಿಂದ ಗೆರೆಗಳ ಮೇಲೆ ಎಳೆದರೆ ಸಾಕು. ಪತ್ರಿಕೆಯ ಕಾಗದ ತೆಳ್ಳಗಿರುವುದರಿಂದ ಗುರುತು ಕೆಳಗಿನ ಹಾಳೆಗೆ ಇಳಿಯುತ್ತದೆ. ನಾನು ನಿನ್ನೆಯ ಪತ್ರಿಕೆಯ ಮೇಲೆ ಗೆರೆ ಹಾಕಿ ಮಾಡಿ ನೋಡಿದ್ದೇನೆ, ಚೆನ್ನಾಗಿ ಬರುತ್ತದೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಸಾಗರ